ಒಂದು ರಾತ್ರಿಗೆ ನಮ್ಮದಾದ ವಾಡೆ

ನಮ್ಮ ಮನೆಯಲ್ಲಿ ಯಾರಾದರೂ ಮಲಗಬೇಕೆಂದರೆ ಮೊದಲು ಮಗ್ಗದ ಅಪ್ಪಣೆ ಕೇಳಬೇಕಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮದು ಎರಡು ಅಂಕಣದ ಮನೆ. ಮುಂದಿನ ಅಂಕಣವನ್ನು, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ನುಂಗಿತ್ತು. ಹಿಂದಿನದರಲ್ಲಿ ಒಲೆ, ನೀರಿನ ಹರವಿ, ನೂಲಿನ ಗಂಟುಗಳು, ಮತ್ತು ಉಳಿದ ಜಾಗದಲ್ಲಿ ನಾವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಶಾಲೆಯಲ್ಲಿ ಮಾಸ್ತರು ಗಾದೆ ಹೇಳಿಕೊಟ್ಟ ದಿನ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಹಾಸಿಗೆ ಹಾಸುವುದಕ್ಕೇ ಜಾಗ ಇರಲಿಲ್ಲ, ಕಾಲಿನ ಮಾತು ಆಮೇಲಿನದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಗಂಡು ನೋಡುತ್ತಿದ್ದರು. ಮೊದಲು ಬಂದವರ ಜೊತೆ ಒಬ್ಬ ಮುದುಕಿ ಇದ್ದಳು. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲಿಗೆ ಬಂದವಳಿಗೆ ಕಣ್ಣು ಕಾಣಲಿಲ್ಲ, ಸೀದಾ ಮಗ್ಗದ ಕುಣಿಯೊಳಗೆ ಇಳಿದುಬಿಟ್ಟಳು. ಬಿದ್ದಳು ಅನ್ನುವ ಹಾಗಿಲ್ಲ, ಸಾವಕಾಶವಾಗಿಯೇ ಇಳಿದಳು. ಮೇಲೆ ಹತ್ತಿಸುವುದಕ್ಕೆ ಮಾತ್ರ ಗಂಡಿನ ಕಡೆಯವರೆಲ್ಲ ಸೇರಬೇಕಾಯಿತು. ನನ್ನ ತಮ್ಮ ಕಿಸಕ್ಕೆಂದು ನಕ್ಕ. ಅವರು ಉಪ್ಪಿಟ್ಟು ತಿಂದು, ಹೇಳಿ ಕಳಿಸುತ್ತೇವೆ ಎಂದು ಎದ್ದವರು ಹೇಳಿ ಕಳಿಸಲೇ ಇಲ್ಲ. ನೇಕಾರರ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಕುಣಿ ಎಲ್ಲಿರುತ್ತದೆಂದು ಗೊತ್ತಿರಬಾರದೇ ಎಂದು ಅವ್ವ ಬಹಳ ದಿನ ಸಿಡಿಮಿಡಿಗುಟ್ಟಿದಳು. ಅಪ್ಪನ ಮನಸ್ಸಿನಲ್ಲಿ ಆ ಕುಣಿ ಆವತ್ತಿನಿಂದ ಇನ್ನಷ್ಟು ಆಳವಾಯಿತು ಅನ್ನಿಸುತ್ತದೆ.

ಆಮೇಲೆ ಬನಹಟ್ಟಿಯ ಸಂಬಂಧ ಬಂತು. ಹುಡುಗನ ಮನೆಯಲ್ಲಿ ಪಾವರ್‌ಲೂಮುಗಳಿದ್ದವು, ಕೈಮಗ್ಗದ ಕಾಲ ಅವರಿಗೆ ಮುಗಿದಿತ್ತು. ಹುಡುಗ, ಅವನ ತಾಯಿ, ಸೋದರಮಾವ, ಮೂವರೇ ಬರುವವರು. ಸಂಜೆ ಬಸ್ಸಿಗೆ ಬಂದು ಇಳಿದು, ಮರುದಿನ ಬೆಳಿಗ್ಗೆ ಹೆಣ್ಣು ನೋಡಿ, ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗುವುದು. ಬೆಳಗಿನ ಮಾತಿಗೆ ಚಿಂತೆ ಇರಲಿಲ್ಲ. ಅವ್ವ ಆಗಲೇ ಗೋಡೆಗೆ ಸುಣ್ಣ ಹೊಡೆಯಲು ನಿಂತಿದ್ದಳು, ಓಣಿಯ ಮಾಸ್ತರ ಮನೆಯಿಂದ ಕುರ್ಚಿ ಕೇಳಿ ಇಟ್ಟಿದ್ದಳು, ಕುಣಿಯ ಮೇಲೆ ಹಲಗೆ ಮುಚ್ಚಿ ಜಮಖಾನ ಹಾಸುವ ಯೋಚನೆಯನ್ನೂ ಮಾಡಿದ್ದಳು. ಆದರೆ ರಾತ್ರಿ ಅವರನ್ನು ಎಲ್ಲಿ ಮಲಗಿಸುವುದು? ಸ್ಟೇಶನ್ ರಸ್ತೆಯ ಲಾಡ್ಜುಗಳಲ್ಲಿ ತಿಗಣೆ. ಅಪ್ಪನಿಗೆ ಆಗ ಕೆರೆ ದಂಡೆಯ ವಾಡೆ ನೆನಪಾಯಿತು.

ಗದಗಿನ ಕೆರೆಯ ದಂಡೆಗೆ ಹಳೆಯ ದೇಸಾಯರ ವಾಡೆಯೊಂದಿತ್ತು. ದಪ್ಪ ಮಣ್ಣಿನ ಗೋಡೆ, ಕೆತ್ತಿದ ಕಂಬಗಳ ಪಡಸಾಲೆ, ಹಿತ್ತಲ ಬಾಗಿಲು ತೆರೆದರೆ ನೇರ ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ಹೊಲಗಳೆಲ್ಲ ಉಳುವವರ ಪಾಲಾದ ಮೇಲೆ ಆ ವಾಡೆಯಲ್ಲಿ ಉಳಿದವರು ಒಬ್ಬರೇ, ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ಊರೆಲ್ಲ ಅವರನ್ನು ಅವ್ವಾರು ಅನ್ನುತ್ತಿತ್ತು. ಅಪ್ಪ ನೇಯ್ದ ಸೀರೆಯನ್ನು ವರ್ಷಕ್ಕೊಮ್ಮೆ ಅವರಿಗೆ ಒಯ್ದು ಕೊಡುವುದು ರೂಢಿ. ಪರಊರಿನ ಗೌರವಸ್ಥರು ಯಾರಾದರೂ ಬಂದರೆ ಅವ್ವಾರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. ರಾತ್ರಿ ಊಟ, ಮಲಗಲು ಹಾಸಿಗೆ, ಬೆಳಿಗ್ಗೆ ಕೆರೆ ನೋಡುತ್ತ ಚುರಮುರಿಯ ಸೂಸಲಾ, ಚಹಾ. ಹೋಗುವಾಗ ತಮಗೆ ತಿಳಿದಷ್ಟು ದುಡ್ಡನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟು ಹೋಗಬೇಕು. ಅವ್ವಾರು ಅದನ್ನು ತೆಗೆದುಕೊಂಡದ್ದನ್ನು ಕಂಡವರು ಯಾರೂ ಇಲ್ಲ.

ಯಾಕೆಂದರೆ ಅದು ಖಾನಾವಳಿ ಅಲ್ಲ. ಆ ಶಬ್ದವನ್ನು ಆ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಯಾವನೋ ಹುಬ್ಬಳ್ಳಿಯ ಔಷಧ ಮಾರುವವನು ಹೊಸ್ತಿಲಲ್ಲಿ ನಿಂತು ಊಟಕ್ಕೆ ರೇಟು ಎಷ್ಟೆಂದು ಕೇಳಿದ್ದನಂತೆ. ಅವ್ವಾರು ಅವನ ಬ್ಯಾಗನ್ನು ತಾವೇ ಎತ್ತಿ ರಸ್ತೆಗೆ ಇಟ್ಟು ಬಂದರಂತೆ. ಅನ್ನ ಮಾರಿದ ಮನೆ ಎಂದು ಕರೆಸಿಕೊಳ್ಳುವುದಕ್ಕಿಂತ ಕೆರೆ ಹಾರುವುದು ಮೇಲು ಎನ್ನುವ ಜೀವ ಅದು. ಆದರೆ ಹೊಟ್ಟೆ ನಡೆಯಬೇಕಲ್ಲ. ಅದಕ್ಕೆ ಅವರೇ ಒಂದು ರಿವಾಜು ಮಾಡಿಕೊಂಡಿದ್ದರು. ಬಂದವರನ್ನು ಯಾರು ಕರೆತಂದಿದ್ದಾರೋ ಆವತ್ತು ಮನೆ ಅವರದು. ಕಾಲಿಗೆ ನೀರು ಕೊಡುವವರು ಅವರೇ, ಬೆಲ್ಲ ನೀರು ಕೊಡುವವರು ಅವರೇ, ಹಾಸಿಗೆ ಹಾಸುವವರೂ ಅವರೇ. ಅವ್ವಾರು ಅಡುಗೆಮನೆಯಲ್ಲಿ ಯಾವುದೋ ಅತ್ತೆ ಚಿಗವ್ವನ ಹಾಗೆ ಇದ್ದುಬಿಡುವರು. ಹೀಗೆ ಅನ್ನ ಹಾಕಿದ ಪುಣ್ಯ ಕರೆತಂದವರಿಗೆ, ಮಾರಿದ ಪಾಪ ಯಾರಿಗೂ ಇಲ್ಲ.

ಆ ಸಂಜೆ ಅಡುಗೆಗೆ ಕೈಜೋಡಿಸಲೆಂದು ಅವ್ವ ನನ್ನನ್ನು ಅಪ್ಪನ ಜೊತೆ ಕಳಿಸಿದಳು. ಗಂಡಿನವರ ಕಣ್ಣಿಗೆ ಬೀಳಬೇಡ, ಒಲೆಯ ಮುಂದಿನಿಂದ ಏಳಬೇಡ ಎಂದು ಹತ್ತು ಸಲ ಹೇಳಿದ್ದಳು. ನಾನು ಆ ವಾಡೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ಹೋದವಳು ಒಲೆಯನ್ನೂ ಮರೆತೆ, ಅವ್ವನ ಮಾತನ್ನೂ ಮರೆತೆ. ಪಡಸಾಲೆಯ ಗೋಡೆಗಳ ತುಂಬ ಚಿತ್ರ. ಕೆಮ್ಮಣ್ಣು, ಸುಣ್ಣ, ಬಟ್ಟೆಗೆ ಹಾಕುವ ನೀಲಿ, ದೀಪದ ಕಾಡಿಗೆ, ಇಷ್ಟರಲ್ಲೇ ಬರೆದದ್ದು. ತುಂಬಿದ ಕೆರೆ, ಕೆರೆಯಲ್ಲಿ ಮೂಗಷ್ಟೇ ಮೇಲಿಟ್ಟುಕೊಂಡ ಎಮ್ಮೆಗಳು, ಬಟ್ಟೆ ಒಗೆಯುವವರು, ಬಾಗಿಲ ಸುತ್ತ ಗಿಳಿಗಳ ಸಾಲು. ಒಂದು ಇಡೀ ಗೋಡೆಗೆ ರೈಲು. ರೈಲಿನ ಕಿಟಕಿ ಕಿಟಕಿಯಲ್ಲಿ ಒಬ್ಬೊಬ್ಬರು, ಯಾರ ಮುಖವೂ ಇನ್ನೊಬ್ಬರ ಹಾಗಿಲ್ಲ.

ಯಾರು ಬರೆದದ್ದೆಂದು ಕೇಳಿದೆ. ಹಿಟ್ಟು ನಾದುತ್ತಿದ್ದ ಅವ್ವಾರು ತಲೆ ಎತ್ತದೆ ತಾವೇ ಅಂದರು. ಹಿಂದೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ತಿರುಗುತ್ತಿದ್ದ ನಾಟಕ ಕಂಪನಿಯೊಂದು ಗದಗಿನಲ್ಲಿ ಮುಕ್ಕಾಂ ಮಾಡಿದಾಗ ಅದರ ಪರದೆ ಬರೆಯುವವನು ವಾಡೆಯಲ್ಲಿ ಉಳಿದಿದ್ದನಂತೆ. ಅವನು ಅಂಗಳದಲ್ಲಿ ಪರದೆ ಹಾಸಿಕೊಂಡು ಅರಮನೆ, ಅಡವಿ ಬರೆಯುವುದನ್ನು ಬಾಗಿಲ ಸಂದಿಯಿಂದ ನೋಡಿ ಕಲಿತರಂತೆ. ಅವನು ಹೋದ ಮೇಲೆ ಗೋಡೆ ಸುಮ್ಮನಿದ್ದದ್ದು ಕಣ್ಣಿಗೆ ಕಾಣತೊಡಗಿತು ಅಂದರು. ರೈಲು ಹತ್ತಿದ್ದೀರಾ ಎಂದು ಕೇಳಿದರೆ ಇಲ್ಲ ಅಂದರು. ಹತ್ತಿದವರು ಬಂದು ಮಲಗುತ್ತಾರಲ್ಲ, ಅವರ ಮುಖ ನೋಡಿದರೆ ಸಾಕಂತೆ.

ಟಾಂಗಾ ಬಂದು ನಿಂತಿತು. ಅಪ್ಪ ರಿವಾಜಿನ ಪ್ರಕಾರ ತಂಬಿಗೆಯಲ್ಲಿ ನೀರು ಹಿಡಿದು ಹೊಸ್ತಿಲಿಗೆ ಹೋದ, ಕಾಲಿಗೆ ನೀರು ಕೊಟ್ಟ, ತಟ್ಟೆಯಲ್ಲಿ ಬೆಲ್ಲ ಹಿಡಿದ, ಚಪ್ಪಲಿ ಇಲ್ಲದ ಕಾಲಲ್ಲಿ ಅವರ ಚೀಲಗಳನ್ನು ಒಳಗೆ ತಂದ. ನಾನು ಅಡುಗೆಮನೆಯ ಬಾಗಿಲ ಮರೆಯಿಂದ ನೋಡುತ್ತಿದ್ದೆ. ಹುಡುಗನ ತಾಯಿ ಪಡಸಾಲೆಯ ನಡುವೆ ನಿಂತು ಕಂಬ ನೋಡಿದಳು, ತೊಲೆ ನೋಡಿದಳು, ಗೋಡೆ ನೋಡಿದಳು. ಆಮೇಲೆ ಜೊತೆಗೆ ಬಂದ ತನ್ನ ತಮ್ಮನ ಕಡೆ ತಿರುಗಿ, ಹುಡುಗಿಯ ಮನೆ ಇಷ್ಟು ದೊಡ್ಡದೆಂದು ಮಧ್ಯಸ್ಥ ಒಂದು ಮಾತೂ ಹೇಳಲಿಲ್ಲವಲ್ಲ, ನೇಕಾರರ ಮನೆ ಸಣ್ಣದಿರುತ್ತದೆ ಅಂದುಕೊಂಡಿದ್ದೆವು ಅಂದಳು.

ಅಪ್ಪ ಬಾಯಿ ತೆರೆದ. ನಾನು ನೋಡಿದೆ, ಖಂಡಿತ ತೆರೆದ. ಆಮೇಲೆ ಮುಚ್ಚಿದ. ನನ್ನ ಹಿಂದೆ ನಿಂತಿದ್ದ ಅವ್ವಾರಿಗೆ ಮಾತ್ರ ನಗುವೋ ನಗು. ಅವರ ರಿವಾಜು ಇಷ್ಟು ಚೆನ್ನಾಗಿ ಯಾವತ್ತೂ ನಡೆದಿರಲಿಲ್ಲ.

"ನಡೀಲಿ ಬಿಡವಾ," ಅಂದರು. "ಇವತ್ತ ನಿಮ್ಮದ ಮನಿ ಐತಿ. ನಾ ಏನ್ ಸುಳ್ಳು ಹೇಳಿಲ್ಲ, ನಿಮ್ಮಪ್ಪನೂ ಹೇಳಿಲ್ಲ."

ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ನಿಜ. ಆದರೆ ಸುಮ್ಮನಿರುವುದು ರುಚಿ ಹತ್ತಿದ ಮೇಲೆ ಮಾತು ತಾನಾಗಿ ಬರುತ್ತದೆ. ಊಟಕ್ಕೆ ಕೂತಾಗ ಆ ಹೆಂಗಸು ರೊಟ್ಟಿ ಮುರಿಯುತ್ತ ಗೋಡೆಯ ಗಿಳಿಗಳನ್ನು ನೋಡುತ್ತ, ಇದನ್ನೆಲ್ಲ ಬರೆದವರು ಯಾರೆಂದು ಕೇಳಿದಳು. ಅಪ್ಪ ಎಣಗಾಯಿ ಬಡಿಸುತ್ತಿದ್ದ. ಕೈ ನಿಲ್ಲಿಸದೆ, ನಮ್ಮ ಹುಡುಗಿಗೆ ಸಣ್ಣವಳಿದ್ದಾಗಿನಿಂದ ಆ ಹುಚ್ಚು ಎಂದ. ನನಗೆ ಬರುತ್ತಿದ್ದದ್ದು ಬಾಗಿಲ ಮುಂದೆ ನಾಲ್ಕು ಚುಕ್ಕೆ ಇಟ್ಟು ಎಳೆಯುವ ರಂಗೋಲಿ, ಅದೂ ಒಂದು ಕಡೆ ವಾಲುತ್ತಿತ್ತು. ಹುಡುಗಿಯ ತಾಯಿ ಕಾಣುವುದಿಲ್ಲವಲ್ಲ ಎಂದು ಸೋದರಮಾವ ಕೇಳಿದ. ಕುರ್ತಕೋಟಿಗೆ ಹೋಗಿದ್ದಾಳೆ, ತಂಗಿಯ ಬಾಣಂತನ ಎಂದ ಅಪ್ಪ. ಅವನ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬರುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇತ್ತ ರೊಟ್ಟಿ ತಂದ ಅವ್ವಾರನ್ನು ಆ ಹೆಂಗಸು ಅಡುಗೆಯವಳೆಂದು ತಿಳಿದು, ಅಕ್ಕಾ, ನೀರು ತಾ ಎಂದಳು. ದೇಸಾಯರ ಮನೆಯ ಸೊಸೆ ನೀರು ತಂದು ಕೊಟ್ಟಳು. ನಾನು ಒಲೆಯ ಮುಂದೆ ಕೂತು ನಾಚಿಕೆಯಿಂದ ಬೆವರಿ ಹೋದೆ. ಬೆಂಕಿಯ ಝಳ ಎಂದು ಹೇಳಿಕೊಳ್ಳಲು ಒಲೆಯೊಂದಿತ್ತು, ಪುಣ್ಯ.

ಪಾತ್ರೆ ಎತ್ತಲು ಬಂದಾಗ ಅಪ್ಪನನ್ನು ಅಡುಗೆಮನೆಯಲ್ಲಿ ಹಿಡಿದೆ. ಏನು ಮಾಡುತ್ತಿದ್ದೀ ಎಂದು ಕೇಳಿದೆ. ಬೆಳಿಗ್ಗೆ ಹೆಣ್ಣು ನೋಡುವುದನ್ನು ಇಲ್ಲೇ ಮುಗಿಸೋಣ, ಅವರು ಇದೇ ನಮ್ಮ ಮನೆ ಅಂದುಕೊಂಡಿದ್ದಾರೆ ಎಂದ. ಅವ್ವ ಮನೆಯಲ್ಲಿ ಕಾಯುತ್ತ ಕೂಡುತ್ತಾಳಲ್ಲ ಎಂದರೆ ನನ್ನ ಮುಖ ನೋಡಲಿಲ್ಲ.

"ಸಾವಿರ ಸುಳ್ಳು ಹೇಳಿ ಒಂದ ಲಗ್ನ ಮಾಡು ಅಂತಾರ. ನಾ ಇನ್ನೂ ಎರಡ ಹೇಳೇನಿ," ಎಂದ. "ಹುಡುಗ ಚಲೋ ಅದಾನ. ನೀ ಆ ಕುಣ್ಯಾಗಿಂದ ಮ್ಯಾಲೆ ಬಂದರ ಸಾಕು ನನಗ."

ಹುಡುಗ ಚೆನ್ನಾಗಿದ್ದ ಎನ್ನುವುದೂ ಖರೆ. ಮುಚ್ಚಿಟ್ಟು ಏನು ಮಾಡಲಿ, ನನಗೂ ಅವನು ಮನಸ್ಸಿಗೆ ಬಂದಿದ್ದ. ಊಟ ಆದ ಮೇಲೆ ಕಂದೀಲು ಹಿಡಿದು ರೈಲಿನ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಒಂದೊಂದು ಕಿಟಕಿಗೂ ಬಾಗಿ ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. ಇಂಥ ರೈಲು ಬರೆದವಳ ಜೊತೆ ಸಂಸಾರ ಮಾಡುವುದನ್ನು ಯೋಚಿಸುತ್ತಿದ್ದಾನೆ ಅನ್ನಿಸಿತು. ಅವನು ಮೆಚ್ಚುತ್ತಿರುವವಳು ನಾನಲ್ಲ, ಒಳಗೆ ಪಾತ್ರೆ ತಿಕ್ಕುತ್ತಿರುವ ಅರವತ್ತರ ಮುದುಕಿ ಎಂದು ನೆನೆದು ಅಳುವೂ ಬಂತು, ನಗುವೂ ಬಂತು.

ಬೆಳಿಗ್ಗೆ ಹಿತ್ತಲ ಮೆಟ್ಟಿಲಲ್ಲಿ ನೀರು ತುಂಬುವಾಗ ಅವ್ವಾರು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಬೇಜಾರೇನೂ ಇದ್ದ ಹಾಗೆ ಕಾಣಲಿಲ್ಲ. ಆ ಹೆಂಗಸು ನಿನ್ನ ಕೈಯಲ್ಲಿ ಏನಾದರೂ ಬರೆಸಿ ನೋಡದೆ ಬಿಡುವುದಿಲ್ಲ, ಕಲಿತುಕೋ ಎಂದು ಇದ್ದಿಲ ಚೂರಿನಿಂದ ಒಣ ಕಲ್ಲಿನ ಮೇಲೆ ಗಿಳಿ ಬರೆದು ತೋರಿಸಿದರು. ನನ್ನ ಕೈ ಹಿಡಿದು ತಿದ್ದಿಸಿದರು. ಎಲ್ಲರೂ ಹೊಟ್ಟೆಯಿಂದ ಶುರು ಮಾಡಿ ಕೆಡುತ್ತಾರೆ, ಕೊಕ್ಕಿನಿಂದ ಶುರು ಮಾಡು ಅಂದರು. ನಾನು ಕೈ ಎಳೆದುಕೊಂಡು, ನಿಮ್ಮ ಚಿತ್ರ ನನ್ನದೆಂದರೆ ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಗೋಡೆ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದರು. ಆ ಮಾತಿಗೇ ನಾನು ಬಾಯಿ ಹೊಲಿದುಕೊಳ್ಳಬೇಕಿತ್ತು.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾನು ಚಹಾ ಕೊಟ್ಟು ನಮಸ್ಕಾರ ಮಾಡಿ ಕೂತೆ. ಹುಡುಗನ ತಾಯಿ ಹೆಸರು ಕೇಳಿದಳು, ಎಷ್ಟು ಓದಿದ್ದೀ ಎಂದಳು, ನೂಲಿನ ಕಂಡಿಕೆ ಸುತ್ತಲು ಬರುತ್ತದೆಯೇ ಎಂದಳು. ಆಮೇಲೆ ಅವ್ವಾರು ಹೇಳಿದ ಹಾಗೆಯೇ ಆಯಿತು. ರಂಗೋಲಿ ಬಟ್ಟಲು ತರಿಸಿ, ಗೋಡೆಯ ಮೇಲಿರುವಂಥದೇ ಒಂದು ಗಿಳಿ ನೆಲದ ಮೇಲೆ ಬರೆ ಎಂದಳು. ನಾನು ಪುಡಿ ಹಿಡಿದು ಕೊಕ್ಕಿನಿಂದ ಶುರು ಮಾಡಿದೆ. ಏನು ಹೇಳಲಿ, ಕೊಕ್ಕು ಬಂತು. ತಲೆಯೂ ಬಂತು. ವಾಲಲಿಲ್ಲ, ಒಡೆಯಲಿಲ್ಲ. ನನಗೇ ಬೆರಗಾಯಿತು. ಹುಡುಗ ಮುಂದೆ ಬಾಗಿ ನೋಡುತ್ತಿದ್ದ. ಇನ್ನು ಬಾಲ ಎಳೆದರೆ ನನ್ನ ಮದುವೆ ಆಗಿಬಿಡುತ್ತಿತ್ತು.

ಆಗ ಆ ಹೆಂಗಸು ಹತ್ತಿರ ಸರಿದು ನನ್ನ ತಲೆ ಸವರಿದಳು. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಕೆಟ್ಟವಳಲ್ಲ.

"ಹಿಂತಾ ಕೈ ಕೊಟ್ಟ ತಾಯಿನ್ನ ನೋಡೂದು ಆಗಲಿಲ್ಲ ನೋಡು," ಅಂದಳು. "ಕುರ್ತಕೋಟಿಯಿಂದ ಬಂದಕೂಡ್ಲೆ ಆಕೀಗೆ ನನ್ನ ನಮಸ್ಕಾರ ಹೇಳವಾ."

ನನ್ನ ಅವ್ವ ಆ ಹೊತ್ತಿಗೆ ಬೆಟಗೇರಿಯಲ್ಲಿ ಸುಣ್ಣದಿಂದ ಸುಟ್ಟ ಕೈಗೆ ಎಣ್ಣೆ ಹಚ್ಚಿಕೊಂಡು, ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟು, ಬೇರೆಯವರ ಕುರ್ಚಿಗಳನ್ನು ಸಾಲಾಗಿ ಇಟ್ಟು, ಓಣಿಯ ತಿರುವನ್ನೇ ನೋಡುತ್ತ ನಿಂತಿದ್ದಿರಬೇಕು. ನನ್ನ ಕೈಯಿಂದ ಪುಡಿ ಗಿಳಿಯ ಮೇಲೆಯೇ ಸುರಿಯಿತು.

"ಇವನ್ನ ನಾ ಬರದಿಲ್ರಿ," ಅಂದು ಬಾಗಿಲ ಕಡೆ ಕೈ ಮಾಡಿದೆ. "ಇವೆಲ್ಲಾ ಅವ್ವಾರು ಬರದದ್ದು."

ಅಷ್ಟಕ್ಕೇ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಚಿತ್ರದ ಸುಳ್ಳು ಒಂದನ್ನು ಕಿತ್ತರೆ ನನ್ನ ಎದೆ ಹಗುರಾಗುತ್ತದೆ, ಬರೆದವರ ಹೆಸರು ಬರೆದವರಿಗೆ ಸಲ್ಲುತ್ತದೆ, ಉಳಿದದ್ದು ಹೇಗೋ ನಡೆಯುತ್ತದೆ ಎಂದು. ಹತ್ತೊಂಬತ್ತರ ಬುದ್ಧಿ. ನೇಕಾರರ ಮಗಳಿಗೆ ಒಂದು ಎಳೆ ಎಳೆದರೆ ಏನಾಗುತ್ತದೆಂದು ಗೊತ್ತಿರಬೇಕಿತ್ತು. ಅಡುಗೆಯಾಕೆ ನಿಮ್ಮ ಮನೆಯ ಗೋಡೆಗೆ ಯಾಕೆ ಬರೆದಳು ಎಂದು ಸೋದರಮಾವ ಕೇಳಿದ. ಅವರು ಅಡುಗೆಯವರಲ್ಲ ಎಂದೆ. ಹಾಗಾದರೆ ಯಾರು ಎಂದ. ಅಪ್ಪ ನೆಲ ನೋಡುತ್ತಿದ್ದ. ಬಾಗಿಲಲ್ಲಿ ಸೂಸಲಾದ ತಾಟು ಹಿಡಿದು ನಿಂತಿದ್ದ ಅವ್ವಾರು ನನ್ನನ್ನು ನೋಡಿ, ಬೇಡ ಎಂದು ಬಹಳ ಸಣ್ಣಗೆ ತಲೆ ಆಡಿಸಿದರು. ನನಗೆ ಅದು ಕಂಡಿತು. ಕಂಡರೂ ನಾಲಿಗೆ ನಿಲ್ಲಲಿಲ್ಲ. ಈ ಮನೆ ಇವರದು, ಪರಊರಿನಿಂದ ಬಂದವರು ಇಲ್ಲಿ ಇಳಿದುಕೊಳ್ಳುತ್ತಾರೆ, ಊಟ ಹಾಸಿಗೆ ಎಲ್ಲ ಇವರೇ ನೋಡುತ್ತಾರೆ, ನಮ್ಮ ಮನೆ ಬೆಟಗೇರಿಯಲ್ಲಿದೆ, ನಮ್ಮವ್ವ ಅಲ್ಲಿ ನಿಮ್ಮ ದಾರಿ ಕಾಯುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಹೊರಗೆ ಕೆರೆಯಲ್ಲಿ ಯಾರೋ ಬಟ್ಟೆ ಬಡಿಯುತ್ತಿದ್ದರು. ಸೋದರಮಾವ ಎದ್ದು ಟೊಪ್ಪಿಗೆ ಹಾಕಿಕೊಂಡ.

"ಅಂದ್ರ ಇದು ಖಾನಾವಳಿ," ಅಂದ. ಅಂಗಿಯ ಕಿಸೆಗೆ ಕೈ ಹಾಕಿ ಅವ್ವಾರ ಮುಂದೆ ಹೋಗಿ ನಿಂತ. "ಎಷ್ಟಾತು?"

ಅವ್ವಾರು ತಾಟನ್ನು ನೆಲಕ್ಕಿಟ್ಟರು. ಸೆರಗು ಸರಿ ಮಾಡಿಕೊಂಡು, ನೀರು ಕೊಟ್ಟ ಮನೆಯಲ್ಲಿ ಅದನ್ನು ಕೇಳಬಾರದು ಎಂದಷ್ಟೇ ಹೇಳಿ ಒಳಗೆ ಹೋದರು. ಅವನು ನೋಟನ್ನು ಆ ತಾಟಿನ ಮೇಲೆಯೇ, ಸೂಸಲಾದ ಮೇಲೆಯೇ ಇಟ್ಟ. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಹುಡುಗ ಒಂದು ಸಲವೂ ನನ್ನ ಕಡೆ ನೋಡಲಿಲ್ಲ, ರೈಲಿನ ಕಡೆಯೂ ನೋಡಲಿಲ್ಲ. ಚೀಲಗಳನ್ನು ಅವನೇ ಹೊತ್ತುಕೊಂಡ. ತಾಯಿ ಹೊಸ್ತಿಲು ದಾಟುವ ಮುಂಚೆ ನನ್ನ ಹತ್ತಿರ ಬಂದಳು. ಸಿಟ್ಟಿನಿಂದಲ್ಲ, ಬುದ್ಧಿ ಹೇಳುವವಳ ಹಾಗೆ ಅಂದಳು.

"ಸುಳ್ಳು ಹೇಳಿದಾವ ನಿಮ್ಮಪ್ಪ, ಅವಗ ನಾ ಮಾಫ್ ಮಾಡತೇನಿ. ಮಗಳ ಸಲುವಾಗಿ ಹೇಳಿದ. ಆದರ ನಾಲ್ಕು ಮಂದ್ಯಾಗ ಹೆತ್ತ ಅಪ್ಪನ ಮಾನಾ ತಗದಾಕಿನ್ನ ನಾ ಹೆಂಗ ಮನಿ ತುಂಬಿಸಿಕೊಳ್ಳಲಿ ತಂಗಿ? ನಾಳೆ ನಮ್ದೂ ತಗೀತಿ."

ಖರೆ ಹೇಳಿದವರು ತಲೆ ಎತ್ತಿ ನಡೆಯುತ್ತಾರೆ ಎಂದು ಯಾರು ಹೇಳಿದರೋ, ಅವರು ನನ್ನ ಹಾಗೆ ಹೇಳಿ ನೋಡಿರಲಿಕ್ಕಿಲ್ಲ.

ಟಾಂಗಾ ಹೋದ ಮೇಲೆ ಕ್ಷಮೆ ಕೇಳಲೆಂದು ಒಳಗೆ ಹೋದೆ. ಅವ್ವಾರು ಒಲೆಯ ಬೂದಿ ತೆಗೆಯುತ್ತಿದ್ದರು. ನಿಮ್ಮ ಹೆಸರು ಮುಳುಗಬಾರದೆಂದು ಹೇಳಿದೆ ಎಂದೆ. ಅವರು ತಿರುಗಿದರು. ಅಷ್ಟು ಸಿಟ್ಟನ್ನು ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ.

"ಗ್ವಾಡಿ ನಿನ್ನ ಕೇಳಿತ್ತೇನ, ನನ್ನ ಹೆಸರ ಹೇಳು ಅಂತ? ಇಷ್ಟ ವರ್ಷ ಆತು, ಈ ಊರಾಗ ಒಬ್ಬರೂ ಆ ಮಾತು ನನ್ನ ಮಾರಿ ಮ್ಯಾಲೆ ಆಡಿದ್ದಿಲ್ಲ. ನಿನ್ನ ಖರೇಪಣಾ ನಿನಗ ಇರಲಿ. ನಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ವರ್ಷ ದೀಪಾವಳಿಗೆ ಅಪ್ಪ ಸೀರೆ ಒಯ್ಯುವಾಗ ಹಠ ಮಾಡಿ ನಾನೂ ಹೋದೆ. ಅವರು ಜಗಳ ತೆಗೆಯಲಿಲ್ಲ, ಮುಖವನ್ನೂ ಗಂಟು ಹಾಕಲಿಲ್ಲ. ಬರ್ರಿ, ಕುಂಡ್ರಿ, ಚಹಾ ತಗೋರಿ ಎಂದರು. ಕೆರೆ ಮೆಟ್ಟಿಲಲ್ಲಿ ಕೈ ಹಿಡಿದು ತಿದ್ದಿಸಿದವರು ನನ್ನಂಥ ಹುಡುಗಿಗೆ ಬಹುವಚನ ಕೊಟ್ಟರು. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಆ ಮರ್ಯಾದೆಯ ಮುಂದೆ ಏನು ಮಾಡುವುದೆಂದು ತಿಳಿಯದೆ ಚಹಾ ಕುಡಿದು ಎದ್ದೆ. ಆಮೇಲೆ ಆ ಕಡೆ ಹೋಗಲಿಲ್ಲ.

ಆದರೆ ಆ ಬೆಳಗಿನ ಮಾತು ಇನ್ನೂ ಮುಗಿದಿಲ್ಲ. ಅಪ್ಪ, ನಾನು ಕೆರೆಯಿಂದ ಬೆಟಗೇರಿಗೆ ನಡೆದೇ ಬಂದೆವು. ಅಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾಯುತ್ತ ಬಂದೆ. ಜೀವನದಲ್ಲಿ ಒಮ್ಮೆಯೂ ಕೈ ಎತ್ತದವನು ಆವತ್ತಾದರೂ ಎತ್ತಿದರೆ ಲೆಕ್ಕ ಚುಕ್ತಾ ಆಗುತ್ತದೆ ಅನ್ನಿಸುತ್ತಿತ್ತು. ಅವನು ತಲೆ ತಗ್ಗಿಸಿ ನನಗಿಂತ ಒಂದು ಮಾರು ಮುಂದೆ ನಡೆದ. ಓಣಿಯ ಬಾಯಿಗೆ ಬಂದಾಗ ಮಾತ್ರ ನಿಂತು, ಅವ್ವನ ಹತ್ತಿರ ತಾನು ಮಾತಾಡುತ್ತೇನೆ, ನೀನು ತುಟಿ ಬಿಚ್ಚಬೇಡ ಎಂದ.

ಅವ್ವ ಬಾಗಿಲಲ್ಲೇ ಇದ್ದಳು. ನಮ್ಮ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. ನನ್ನ ತಂಗಿ, ತಮ್ಮ ಇಬ್ಬರೂ ಮುಖ ತೊಳೆದು, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಕುರ್ಚಿಗಳ ಹಿಂದೆ ನಿಂತಿದ್ದರು. ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಜಮಖಾನ, ಜಮಖಾನದ ಮೇಲೆ ಅವ್ವನ ಮದುವೆಯ ಕಾಲದ ಹಿತ್ತಾಳೆ ತಟ್ಟೆ. ಅಕ್ಕಪಕ್ಕದ ಹೆಂಗಸರೂ ಇಣುಕುತ್ತಿದ್ದರು. ಅಪ್ಪ ಅವರೆಲ್ಲರಿಗೂ ಕೇಳುವ ಹಾಗೆ ದನಿ ಏರಿಸಿ ಹೇಳಿದ. ಅವರಿಗೆ ಹುಡುಗಿ ಬಹಳ ಮನಸ್ಸಿಗೆ ಬಂದಿದ್ದಳು, ಲಗ್ನ ಮುಂದಿನ ತಿಂಗಳೇ ಮಾಡೋಣ ಅಂದರು, ತಾನೇ ಒಲ್ಲೆ ಅಂದೆ ಎಂದು.

ಯಾಕೆ ಎಂದು ಅವ್ವ ಕೇಳಿದಳು. ಅಪ್ಪನಿಗೆ ಕಾರಣ ಹೊಳೆದಿರಲಿಲ್ಲ. ಹುಡುಗನ ಹೆಸರು ಕೆಡಿಸಲು ಅವನಿಗೆ ಮನಸ್ಸಿರಲಿಲ್ಲ, ನನ್ನ ಹೆಸರನ್ನಂತೂ ಎತ್ತುವ ಹಾಗಿರಲಿಲ್ಲ. ಬನಹಟ್ಟಿ ದೂರವಾಗುತ್ತದೆ ಎಂದ.

"ನಿನ್ನೆ ಬನಹಟ್ಟಿ ಬಾಜೂಕ ಇತ್ತೇನು?" ಎಂದಳು ಅವ್ವ.

ಓಣಿ ನಕ್ಕಿತು. ಗಂಡಿನವರು ಬಿಟ್ಟು ಹೋದ ಹುಡುಗಿ ಎಂಬ ಹೆಸರು ನನಗೆ ಬರಲಿಲ್ಲ, ಒಳ್ಳೆಯ ಸಂಬಂಧವನ್ನು ಕಾಲಿನಿಂದ ಒದ್ದ ಮೂರ್ಖ ಎಂಬ ಹೆಸರು ಅಪ್ಪನಿಗೆ ಬಂತು. ಅವ್ವ ಆ ಸೀರೆಯಲ್ಲೇ ಕುರ್ಚಿಗಳನ್ನು ಒಂದೊಂದಾಗಿ ಮಾಸ್ತರ ಮನೆಗೆ ಹೊತ್ತು ಹಾಕಿದಳು. ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ಆಮೇಲೆ ಬಹಳ ದಿನ ಅಪ್ಪನಿಗೆ ರೊಟ್ಟಿ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ನನಗೆ ಮುಂಡರಗಿಯ ಕಡೆ ಮದುವೆಯಾಯಿತು. ಕೈಮಗ್ಗದವರೇ, ಒಳ್ಳೆಯವರು, ಕಷ್ಟ ಇದ್ದದ್ದೇ. ತವರಿಗೆ ಬಂದಾಗೆಲ್ಲ ಅವ್ವ ನನ್ನ ಕೈಯ ಗಂಟುಗಳನ್ನು ಹಿಡಿದು ನೋಡಿ, ನಿಮ್ಮಪ್ಪ ಆವತ್ತು ಹಾಗೆ ಮಾಡದಿದ್ದರೆ ಎಂದು ಶುರು ಮಾಡುತ್ತಿದ್ದಳು. ಹೌದು, ನನ್ನದೇ ತಪ್ಪು, ಬುದ್ಧಿ ಕೆಟ್ಟಿತ್ತು ಎಂದು ಅಪ್ಪ ಕೂತಲ್ಲಿಂದ ಅನ್ನುತ್ತಿದ್ದ. ಅದು ಅವರಿಬ್ಬರ ನಡುವೆ ಹಬ್ಬ ಹುಣ್ಣಿಮೆಯ ಮಾತಾಯಿತು. ಅವ್ವನನ್ನು ಬದಿಗೆ ಕರೆದು ಹೇಳಿಬಿಡೋಣ ಎಂದು ಪ್ರತಿ ಸಲ ಬಸ್ಸಿನಲ್ಲಿ ಯೋಚಿಸಿಕೊಂಡು ಬರುತ್ತಿದ್ದೆ. ನಾಲ್ಕು ಮಂದಿ ಪರಕೀಯರ ಮುಂದೆ ಒಂದು ಗೋಡೆಯ ಸಲುವಾಗಿ ಬಾಯಿ ಬಿಟ್ಟವಳಿಗೆ, ಸ್ವಂತ ಅವ್ವನ ಮುಂದೆ ಅಪ್ಪನ ಸಲುವಾಗಿ ಬಾಯಿ ಬರಲಿಲ್ಲ. ಹೇಳಿದರೆ ಅವ್ವ ಕುರ್ತಕೋಟಿಯ ಬಾಣಂತನದ ಮಾತನ್ನೂ ಕೇಳಬೇಕಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ಖರೆ.

ಎಂಬತ್ತರ ದಶಕದ ಕೊನೆಗೆ ಅವ್ವ ಹಾಸಿಗೆ ಹಿಡಿದಳು. ಹೋಗುವ ಮುಂಚಿನ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಅವಳ ಕಾಲು ಒತ್ತುತ್ತಿದ್ದೆ. ಅಪ್ಪ ಅಲ್ಲೇ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ಅವಳು ಅವನನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಬಂಗಾರದಂಥಾ ಮನಶ್ಯಾ. ಇದೊಂದ ಮಾತಿನಾಗ ಮಾತ್ರ ನಾ ಅವನ್ನ ಮಾಫ್ ಮಾಡಲಿಲ್ಲ. ನಿನ್ನ ಬಾಳೇ ಕೆಡಿಸಿದ. ಹೌದಿಲ್ಲೋ?"

ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಕಾಲು ಒತ್ತುತ್ತ ಹೌದವ್ವಾ ಅಂದೆ.